ಎತ್ತಿದ ಕೈ

ಸೈಕಲ್ ರೇಸಿನ ಫೋಟೊ ಅಂದ ತಕ್ಷಣ ಕಣ್ಣ ಮುಂದೆ ಬರೋದು ಒಂದೇ ಚಿತ್ರ. ಹ್ಯಾಂಡಲ್ ಬಿಟ್ಟು ಎರಡೂ ಕೈ ಆಕಾಶಕ್ಕೆ ಎತ್ತಿದ ಒಬ್ಬ ಸವಾರ, ಅಗಲಕ್ಕೆ ತೆರೆದ ಬಾಯಿ, ಹಿಂದೆ ಮಸುಕಾಗಿ ತಲೆ ತಗ್ಗಿಸಿಕೊಂಡ ನಾಲ್ಕೈದು ಜನ. ಅದು ಟೂರ್ ಡಿ ಫ್ರಾನ್ಸ್ ಆಗಿರಲಿ, ಭಾನುವಾರ ಬೆಳಿಗ್ಗೆ ಟ್ರಾಫಿಕ್ ಶುರುವಾಗೋಕೆ ಮುಂಚೆ ಬೆಂಗಳೂರಿನ ಹೊರವಲಯದಲ್ಲಿ ಗಡಿಬಿಡಿಯಲ್ಲಿ ಮುಗಿಸೋ ರೇಸ್ ಆಗಿರಲಿ, ಚಿತ್ರ ಬದಲಾಗಲ್ಲ. ಜೆರ್ಸಿ ಬಣ್ಣ ಬದಲಾಗುತ್ತೆ ಅಷ್ಟೆ. ಫೋಟೊಗ್ರಾಫರ್‌ಗಳೆಲ್ಲ ಗೆರೆಯ ಆಚೆ ಒಂದೇ ಕಡೆ ಗುಂಪಾಗಿ ನಿಂತು, ಉದ್ದ ಲೆನ್ಸ್ ಹಾಕಿ, ಒಂದೇ ಫೋಟೊವನ್ನು ಹತ್ತು ಕ್ಯಾಮೆರಾದಲ್ಲಿ ತೆಗೀತಾರೆ.

ನನ್ನ ತಕರಾರು ಈ ಫೋಟೊದ ಮೇಲೆ. ಚೆನ್ನಾಗಿಲ್ಲ ಅಂತಲ್ಲ, ಚೆನ್ನಾಗೇ ಇರುತ್ತೆ. ನನ್ನ ಫೋನಿನಲ್ಲೂ ಇಂಥವು ಬೇಕಾದಷ್ಟಿವೆ. ಆದರೆ ಅದು ಏನು ತೋರಿಸ್ತೀನಿ ಅಂತ ಹೇಳುತ್ತೋ ಅದನ್ನು ತೋರಿಸಲ್ಲ. ಕೆಳಗೆ ‘ಗೆದ್ದ ಕ್ಷಣ’ ಅಂತ ಬರೆದಿರುತ್ತೆ. ಗೆದ್ದ ಕ್ಷಣ ಆ ಫೋಟೊದಲ್ಲಿ ಇರಲ್ಲ. ಗೆಲ್ಲಿಸಿದವರಂತೂ ಇರೋದೇ ಇಲ್ಲ.

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಕೊನೆಯ ಇನ್ನೂರು ಮೀಟರಿನ ಸ್ಪ್ರಿಂಟಿನಲ್ಲಿ ವೃತ್ತಿಪರ ಸವಾರರು ಗಂಟೆಗೆ 65 ಕಿಲೋಮೀಟರ್ ಆಸುಪಾಸಿನಲ್ಲಿರ್ತಾರೆ. ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 18 ಮೀಟರ್. ನಿಮ್ಮದು ಸೆಕೆಂಡಿಗೆ 20 ಫ್ರೇಮ್ ಹೊಡೆಯೋ ದುಬಾರಿ ಕ್ಯಾಮೆರಾ ಅಂತಲೇ ಇಟ್ಟುಕೊಳ್ಳಿ. ಆಗಲೂ ಒಂದು ಫ್ರೇಮಿಗೂ ಮುಂದಿನದಕ್ಕೂ ನಡುವೆ ಸೈಕಲ್ 90 ಸೆಂಟಿಮೀಟರ್ ಮುಂದಕ್ಕೆ ಹೋಗಿಬಿಟ್ಟಿರುತ್ತೆ. ಒಂದು ಚಕ್ರದ ವ್ಯಾಸಕ್ಕಿಂತ ಹೆಚ್ಚು! ನಿಯಮದ ಪ್ರಕಾರ ಮುಂದಿನ ಟೈರಿನ ಮುಂಭಾಗದ ಅಂಚು ಗೆರೆಯನ್ನು ಮುಟ್ಟಿದಾಗ ಗೆಲುವು. ಆ ಮುಟ್ಟುವಿಕೆ ಎರಡು ಫ್ರೇಮಿನ ನಡುವಿನ ಕತ್ತಲಲ್ಲಿ ನಡೆದುಹೋಗಿರುತ್ತೆ. ನಿಮ್ಮ ಹತ್ತಿರ ಇರೋದು ಅದಕ್ಕೆ ಮೊದಲಿನದೊಂದು, ನಂತರದ್ದೊಂದು.

ಇದೇನು ಕೂದಲು ಸೀಳೋ ವಾದ ಅಂತ ಅನ್ನಿಸಬಹುದು. ಆದರೆ ಸೈಕಲ್ ರೇಸ್ ತೀರ್ಮಾನ ಆಗೋದೇ ಕೂದಲು ಸೀಳೋ ಅಳತೆಯಲ್ಲಿ. 2017ರ ಟೂರ್ ಡಿ ಫ್ರಾನ್ಸ್‌ನ 7ನೇ ಹಂತ, ನ್ಯೂಯಿ-ಸ್ಯಾಂ-ಜಾರ್ಜ್ ಅನ್ನೋ ಊರಿನಲ್ಲಿ ಮುಗಿದದ್ದು, ನೆನಪಿದ್ದವರಿಗೆ ನೆನಪಿರುತ್ತೆ. ಜರ್ಮನಿಯ ಮಾರ್ಸೆಲ್ ಕಿಟ್ಟೆಲ್, ನಾರ್ವೆಯ ಎಡ್ವಾಲ್ಡ್ ಬೋಸನ್ ಹಾಗನ್ ಒಟ್ಟೊಟ್ಟಿಗೆ ಗೆರೆ ದಾಟಿದರು. ಕಿಟ್ಟೆಲ್ ಗೆದ್ದದ್ದು 0.0003 ಸೆಕೆಂಡಿನಿಂದ, ದೂರದಲ್ಲಿ ಹೇಳೋದಾದರೆ 6 ಮಿಲಿಮೀಟರ್. ಪೆನ್ಸಿಲಿನಷ್ಟೂ ದಪ್ಪ ಇಲ್ಲ. ಇನ್ನೂರು ಕಿಲೋಮೀಟರಿಗೂ ಹೆಚ್ಚು ತುಳಿದು ಬಂದು, ಪೆನ್ಸಿಲಿನಷ್ಟೂ ಇಲ್ಲದ ಅಂತರ. ಇಷ್ಟು ಹತ್ತಿರದ ಗೆಲುವಿನಲ್ಲಿ ಯಾರೂ ಕೈ ಎತ್ತೋಕಾಗಲ್ಲ. ಇಬ್ಬರೂ ಹ್ಯಾಂಡಲ್ ಬಿಗಿಯಾಗಿ ಹಿಡಿದು, ಸೀಟಿನಿಂದ ಹಿಂದಕ್ಕೆ ಸರಿದು, ತೋಳು ಚಾಚಿ ಸೈಕಲ್ಲನ್ನು ಮುಂದಕ್ಕೆ ಎಸೆದಂತೆ ನೂಕ್ತಾರೆ. ಹೀಗಾಗಿ ಕೈ ಎತ್ತಿದ ಫೋಟೊ ಅಂದರೆ ಒಂದೋ ಗೆಲುವು ಮೊದಲೇ ತೀರ್ಮಾನ ಆಗಿಹೋಗಿತ್ತು, ಇಲ್ಲವೋ ಗೆರೆ ದಾಟಿಯಾಗಿದೆ. ಎರಡರಲ್ಲಿ ಯಾವುದಾದರೂ ಅದು ಫಲಿತಾಂಶದ ಫೋಟೊ, ಗೆಲುವಿನದಲ್ಲ.

ನಿಜವಾಗಿಯೂ ಗೆದ್ದ ಕ್ಷಣವನ್ನು ಹಿಡಿಯೋ ಕ್ಯಾಮೆರಾ ಒಂದಿದೆ. ಅದಕ್ಕೆ ಯಾರೂ ಲೈಕ್ ಒತ್ತಲ್ಲ. ಫೋಟೊ ಫಿನಿಶ್ ಕ್ಯಾಮೆರಾ. ಇದು ನಮ್ಮ ಕ್ಯಾಮೆರಾ ಥರ ಒಂದು ದೃಶ್ಯವನ್ನು ಪೂರ್ತಿಯಾಗಿ ನೋಡಲ್ಲ. ಸಣ್ಣ ಸೀಳಿನ ಮೂಲಕ ಗೆರೆಯನ್ನು ಮಾತ್ರ ದಿಟ್ಟಿಸ್ತಾ, ಸೆಕೆಂಡಿಗೆ ಸಾವಿರಾರು ಸಲ ಆ ಒಂದು ಎಳೆಯನ್ನೇ ದಾಖಲಿಸುತ್ತೆ. ಆಮೇಲೆ ಎಳೆಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿದರೆ ಚಿತ್ರ. ಅದರಲ್ಲಿ ಎಡದಿಂದ ಬಲಕ್ಕೆ ಇರೋದು ದೂರ ಅಲ್ಲ, ಹೊತ್ತು. ನಾವು ತೆಗೆಯೋ ಫೋಟೊದಲ್ಲಿ ಒಂದೇ ಕ್ಷಣ, ಬೇರೆ ಬೇರೆ ಜಾಗ ಇರುತ್ತೆ. ಫೋಟೊ ಫಿನಿಶ್‌ನಲ್ಲಿ ಒಂದೇ ಜಾಗ, ಬೇರೆ ಬೇರೆ ಕ್ಷಣ. ಅದಕ್ಕೇ ಆ ಚಿತ್ರದಲ್ಲಿ ಚಕ್ರದ ಕಡ್ಡಿಗಳು ಬಿಲ್ಲಿನಂತೆ ಬಾಗಿರುತ್ತವೆ, ಕೆಲವು ಸೈಕಲ್ ಉದ್ದುದ್ದ ಎಳೆದಂತೆ, ಕೆಲವು ಒತ್ತಿದಂತೆ ಕಾಣುತ್ತವೆ, ಹಿನ್ನೆಲೆಯಲ್ಲಿ ಜನ ಇಲ್ಲ, ಮರ ಇಲ್ಲ, ಜಾಹೀರಾತೂ ಇಲ್ಲ. ಸ್ವಲ್ಪ ಭಯ ಹುಟ್ಟಿಸೋ ಚಿತ್ರ. ನನಗೆ ತುಂಬ ಇಷ್ಟ. ವೀರಾವೇಶ ಅನ್ನೋದು ಅದರ ಹತ್ತಿರವೂ ಸುಳಿಯಲ್ಲ.

ಅದೂ ದೇವರೇನಲ್ಲ, ಬಿಡಿ. 2021ರ ಆಮ್‌ಸ್ಟೆಲ್ ಗೋಲ್ಡ್ ರೇಸಿನಲ್ಲಿ ವೌಟ್ ವಾನ್ ಆರ್ಟ್ ಗೆದ್ದ, ಟಾಮ್ ಪಿಡ್‌ಕಾಕ್ ಎರಡನೆಯವನು ಅಂತ ಫೋಟೊ ಫಿನಿಶ್ ನೋಡಿ ಹೇಳಿದರು. ಕ್ಯಾಮೆರಾ ನೋಡ್ತಿದ್ದ ಗೆರೆಯೂ ರಸ್ತೆ ಮೇಲೆ ಬಳಿದ ಗೆರೆಯೂ ಒಂದೇನಾ ಅನ್ನೋ ಜಗಳ ಆಮೇಲೆ ತಿಂಗಳುಗಟ್ಟಲೆ ನಡೆಯಿತು.

ಕೈ ಎತ್ತೋದು ಎಷ್ಟು ನಂಬಿಕೆಗೆ ಯೋಗ್ಯ ಅನ್ನೋದಕ್ಕೆ ಎರಡು ಉದಾಹರಣೆ ಸಾಕು. 2020ರ ಲಿಯೇಜ್-ಬಾಸ್ಟೋನ್-ಲಿಯೇಜ್ ರೇಸು. ಒಂದು ವಾರದ ಹಿಂದಷ್ಟೇ ವಿಶ್ವ ಚಾಂಪಿಯನ್ ಆಗಿದ್ದ ಜೂಲಿಯನ್ ಅಲಾಫಿಲಿಪ್ ಹೊಸ ಕಾಮನಬಿಲ್ಲಿನ ಜೆರ್ಸಿಯಲ್ಲಿ, ಗೆರೆಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಕೈ ಎತ್ತಿದ. ಪಕ್ಕದಿಂದ ಪ್ರಿಮೋಜ್ ರೋಗ್ಲಿಚ್ ಸೈಕಲ್ ನೂಕಿ ಗೆದ್ದುಬಿಟ್ಟ. ಎರಡನೆಯದು ಇನ್ನೂ ವಿಚಿತ್ರ. 2021ರ ಟೋಕಿಯೋ ಒಲಿಂಪಿಕ್ಸ್, ಮಹಿಳೆಯರ ರೋಡ್ ರೇಸ್. ನೆದರ್‌ಲೆಂಡ್ಸ್‌ನ ಅನೆಮಿಕ್ ವಾನ್ ಫ್ಲೂಟೆನ್ ಒಬ್ಬಳೇ ಬಂದು, ಎರಡೂ ಕೈ ಎತ್ತಿ, ಚಿನ್ನ ಗೆದ್ದೆ ಅನ್ನೋ ಖುಷಿಯಲ್ಲಿ ಗೆರೆ ದಾಟಿದಳು. ಒಳ್ಳೇ ಫೋಟೊ. ಆದರೆ ಅವಳಿಗಿಂತ 75 ಸೆಕೆಂಡ್ ಮೊದಲೇ ಆಸ್ಟ್ರಿಯಾದ ಆನಾ ಕೀಸೆನ್‌ಹೋಫರ್ ಗೆದ್ದಾಗಿತ್ತು. ವೃತ್ತಿಪರ ತಂಡದ ಕಾಂಟ್ರಾಕ್ಟ್ ಕೂಡ ಇಲ್ಲದ, ಗಣಿತದಲ್ಲಿ ಪಿಎಚ್‌ಡಿ ಮಾಡಿದ ಹೆಂಗಸು, ರೇಸ್ ಶುರುವಾದ ಕೂಡಲೇ ಮುಂದೆ ಹೊರಟವಳು. ಒಲಿಂಪಿಕ್ಸ್‌ನಲ್ಲಿ ಸವಾರರ ಕಿವಿಗೆ ರೇಡಿಯೋ ಇರಲ್ಲ. ಮುಂದೆ ಇನ್ನೊಬ್ಬಳಿದ್ದಾಳೆ ಅನ್ನೋದೇ ವಾನ್ ಫ್ಲೂಟೆನ್‌ಗೆ ಗೊತ್ತಿರಲಿಲ್ಲ. ಕ್ಯಾಪ್ಶನ್ ಮುಚ್ಚಿ ಆ ಫೋಟೊವನ್ನು ಯಾರಿಗಾದರೂ ತೋರಿಸಿ: ಗೆದ್ದವಳು ಅಂತಲೇ ಹೇಳ್ತಾರೆ. ಅಂದಮೇಲೆ ಈ ಥರದ ಯಾವ ಫೋಟೊವೂ ತನ್ನಷ್ಟಕ್ಕೆ ತಾನು ಏನನ್ನೂ ಸಾಬೀತು ಮಾಡಲ್ಲ, ಅಲ್ವಾ?

ಟೈಮ್ ಟ್ರಯಲ್ ವಿಷಯಕ್ಕೆ ಬಂದರೆ ಗೆರೆಯ ಫೋಟೊ ಪೂರ್ತಿ ಕೈಕೊಡುತ್ತೆ. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸೋ ಪಂದ್ಯ ಅದು. 1989ರ ಟೂರಿನ ಕೊನೆಯ ದಿನ, ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್. 50 ಸೆಕೆಂಡ್ ಹಿಂದಿದ್ದ ಗ್ರೆಗ್ ಲೆಮಾಂಡ್ ಆ ದಿನ ಲೊರಾಂ ಫಿನ್ಯೋಂಗಿಂತ 58 ಸೆಕೆಂಡ್ ಬೇಗ ಮುಗಿಸಿ, ಮೂರು ವಾರದ ಟೂರನ್ನು 8 ಸೆಕೆಂಡಿನಿಂದ ಗೆದ್ದ. ಅವನು ಗೆದ್ದ ಕ್ಷಣದಲ್ಲಿ ಸೈಕಲ್ ಮೇಲೆ ಇರಲೇ ಇಲ್ಲ. ಗೆರೆಯಾಚೆ ಜನರ ನಡುವೆ ನಿಂತು ಗಡಿಯಾರ ನೋಡ್ತಿದ್ದ. ಆ ಕ್ಷಣದಲ್ಲಿ ಸೈಕಲ್ ತುಳೀತಿದ್ದವನು ಸೋತವನು. ಬೆಂಗಳೂರಿನ ನವೀನ್ ಜಾನ್ ರಾಷ್ಟ್ರೀಯ ಚಾಂಪಿಯನ್ ಆದದ್ದು ಈ ಟೈಮ್ ಟ್ರಯಲ್‌ನಲ್ಲೇ, 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಪರವಾಗಿ ಓಡಿಸಿದ್ದೂ ಇದರಲ್ಲೇ. ಈ ಪಂದ್ಯದಲ್ಲಿ ಗೆದ್ದವನು ತಾನು ಗೆರೆ ದಾಟುವಾಗ ಕೈ ಎತ್ತೋಕೆ ಕಾರಣವೇ ಇರಲ್ಲ. ಅರ್ಧ ಸೆಕೆಂಡ್ ಕೈ ಎತ್ತಿದರೂ ಅದು ಅವನ ಲೆಕ್ಕಕ್ಕೇ ಬೀಳುತ್ತೆ.

ಇಷ್ಟೇ ಆಗಿದ್ದರೆ ಇದು ಕ್ಯಾಮೆರಾ ಹುಚ್ಚಿನವರ ಟೀ ಹೊತ್ತಿನ ಹರಟೆ ಆಗಿರ್ತಿತ್ತು. ನನಗೆ ಕಾಟ ಕೊಡೋದು ಬೇರೆ. ಫ್ರೇಮಿನಿಂದ ಹೊರಗೆ ಉಳಿಯೋರು.

ರೋಡ್ ರೇಸ್ ಹೊರಗಿನಿಂದ ಒಬ್ಬರ ಆಟದಂತೆ ಕಾಣುತ್ತೆ, ಒಳಗೆ ತಂಡದ ಆಟ. ಎಲ್ಲದರ ಕೀಲಿ ಗಾಳಿ. ಮುಂದಿನ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಅಂಟಿಕೊಂಡಂತೆ ಓಡಿಸೋನಿಗೆ ಸುಮಾರು ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತೆ. ಬಿಎಂಟಿಸಿ ಬಸ್ಸಿನ ಹಿಂದೆ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ (ಹೊಗೆ ಬೇರೆ ಮಾತು). ಹಾಗಾಗಿ ಒಬ್ಬನನ್ನು ಗೆಲ್ಲಿಸಬೇಕು ಅಂದರೆ ಉಳಿದವರು ಸರದಿ ಮೇಲೆ ಅವನ ಮುಂದೆ ಗಾಳಿ ತಿನ್ನಬೇಕು. ನೀರಿನ ಬಾಟಲಿ ತರಬೇಕು. ಅವನ ಟೈರ್ ಪಂಕ್ಚರ್ ಆದರೆ ತಮ್ಮ ಚಕ್ರ ಬಿಚ್ಚಿಕೊಡಬೇಕು. ಕೊನೆಗೆ ಒಬ್ಬ ಸಂಗಡಿಗ ಪ್ರಾಣ ಹೋಗೋ ಹಾಗೆ ತುಳಿದು, ಗೆರೆಗೆ ಇನ್ನೂರು ಮೀಟರ್ ಇದ್ದಾಗ ಪಕ್ಕಕ್ಕೆ ಸರಿದು ದಾರಿ ಬಿಡ್ತಾನೆ. ಅದಕ್ಕೆ ಲೀಡ್-ಔಟ್ ಅಂತಾರೆ. ಅಲ್ಲಿಂದಾಚೆಗೆ ಕ್ಯಾಮೆರಾಗಳು ಚಟಪಟ ಅನ್ನೋಕೆ ಶುರು ಮಾಡುತ್ತವೆ. ಅಂದರೆ ಕೆಲಸ ಮುಗಿದವನು ಫ್ರೇಮಿನಿಂದ ಜಾರಿಹೋದ ಮೇಲೆ.

2009ರ ಟೂರಿನ ಕೊನೆಯ ಹಂತ ಇದಕ್ಕೊಂದು ಸಿಹಿ ಅಪವಾದ. ಶಾನ್ಸ್-ಎಲಿಸೇಯಲ್ಲಿ ಮಾರ್ಕ್ ಕ್ಯಾವೆಂಡಿಶ್‌ನನ್ನು ಕೊನೆಯ ತಿರುವಿನಿಂದ ಎಳೆದುಕೊಂಡು ಬಂದ ಮಾರ್ಕ್ ರೆನ್‌ಶಾ ಎಷ್ಟು ಜೋರಾಗಿ ತುಳಿದಿದ್ದ ಅಂದರೆ, ದಾರಿ ಬಿಟ್ಟುಕೊಟ್ಟ ಮೇಲೂ ಅವನನ್ನು ಹಿಂದಿನವರು ಯಾರೂ ಹಿಡಿಯೋಕಾಗಲಿಲ್ಲ. ಕ್ಯಾವೆಂಡಿಶ್ ಮೊದಲು, ರೆನ್‌ಶಾ ಎರಡನೆಯವನು. ಕೆಲಸ ಮಾಡಿದವನೂ ಗೆದ್ದವನೂ ಒಂದೇ ಚೌಕಟ್ಟಿನಲ್ಲಿ. ಇಂಥದ್ದು ಎಷ್ಟು ಸಲ ಸಿಗುತ್ತೆ?

ನಮ್ಮಲ್ಲಿ ಈ ಹೊರಗುಳಿಯೋದಕ್ಕೆ ಬೇರೆಯದೇ ಬೆಲೆ ಇದೆ. ಕರ್ನಾಟಕದ ರೋಡ್ ಸೈಕ್ಲಿಂಗ್ ಅಂದರೆ ಬೆಂಗಳೂರಿನ ಕಾರ್ಬನ್ ಫ್ರೇಮ್‌ಗಳು ಅಂತ ನಾವು ಅಂದುಕೊಂಡಿರ್ತೀವಿ. ನಿಜವಾದ ಬೇರು ಇರೋದು ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆ. ಜಾತ್ರೆಯಲ್ಲಿ ಎತ್ತಿನ ಗಾಡಿ ಶರ್ಯತ್ತಿನ ಜೊತೆಗೆ ಸೈಕಲ್ ಶರ್ಯತ್ತೂ ಇಡೋ ಸೀಮೆ ಅದು. ವಿಜಯಪುರದಲ್ಲಿ ಸೈಕ್ಲಿಂಗ್‌ಗಾಗಿಯೇ ಕ್ರೀಡಾ ವಸತಿ ನಿಲಯ ಇದೆ. ಅಲ್ಲಿಂದ ಬರೋ ಹುಡುಗ ಹುಡುಗಿಯರಿಗೆ ಸೈಕಲ್ ವೀಕೆಂಡ್ ಹವ್ಯಾಸ ಅಲ್ಲ. ರೈಲ್ವೆಯೋ ಪೊಲೀಸೋ ಸೇನೆಯೋ, ಕ್ರೀಡಾ ಕೋಟಾದಲ್ಲಿ ಒಂದು ಕೆಲಸ ಸಿಕ್ಕರೆ ಮನೆ ನಿಲ್ಲುತ್ತೆ ಅನ್ನೋ ಲೆಕ್ಕ. ಅಲ್ಲಿ ಕೇಳೋದು ಸರ್ಟಿಫಿಕೇಟು. ಸರ್ಟಿಫಿಕೇಟಿನಲ್ಲಿ ಇರೋದು ಸ್ಥಾನ: ಒಂದು, ಎರಡು, ಮೂರು. ಜೊತೆಗಾರನ ಮುಂದೆ ಎಂಬತ್ತು ಕಿಲೋಮೀಟರ್ ಗಾಳಿ ತಿಂದು ಇಪ್ಪತ್ತೇಳನೆಯವನಾಗಿ ಬಂದವನ ಬಗ್ಗೆ ಅದರಲ್ಲಿ ಬರೆಯೋಕೆ ಕಾಲಮ್ ಇಲ್ಲ. ಟೀಮ್ ಟೈಮ್ ಟ್ರಯಲ್‌ನಲ್ಲಾದರೆ ಪದಕ ಇಡೀ ತಂಡಕ್ಕೆ, ಸಮಯ ಹಿಡಿಯೋದೂ ಮುಂದೆ ಬಂದವನದ್ದಲ್ಲ, ಮೂರನೆಯವನೋ ನಾಲ್ಕನೆಯವನೋ ದಾಟಿದಾಗ. ಎಲ್ಲರೂ ಒಟ್ಟಿಗೆ ಹೊರಡೋ ರೇಸಿನಲ್ಲಿ ಆ ನ್ಯಾಯ ಇಲ್ಲ. ಸರ್ಟಿಫಿಕೇಟ್ ಹೇಳದೆ ಬಿಟ್ಟದ್ದನ್ನು ಫೋಟೊ ಆದರೂ ಹೇಳಬಹುದಿತ್ತು. ಅದೂ ಮೊದಲನೆಯವನ ಬಾಯನ್ನೇ ನೋಡ್ತಾ ನಿಂತಿರುತ್ತೆ.

ಆ ಕಡೆಯ ಒಬ್ಬ ಹುಡುಗನನ್ನು ಒಂದು ರೇಸ್ ಮುಗಿದ ಮೇಲೆ ನೋಡಿದ್ದೆ. ಹಂಚಿದ ಆಲ್ಬಮ್ಮಿನಲ್ಲಿ ಆರುನೂರು ಚಿಲ್ಲರೆ ಫೋಟೊ. ಫೋನಿನ ಪರದೆ ಮೇಲೆ ಬೆರಳು ಆಡಿಸ್ತಾ ಆಡಿಸ್ತಾ ತನ್ನನ್ನು ಹುಡುಕ್ತಿದ್ದ. “ಅಣ್ಣಾರ, ನಂದೊಂದ್ ಫೋಟೊ ಬಂದೈತೇನ್ ನೋಡ್ರಿ” ಅಂತ ನನ್ನ ಕೈಗೂ ಕೊಟ್ಟ. ಇಬ್ಬರೂ ಹುಡುಕಿದೆವು. ಶೂ ಬಣ್ಣ ನೋಡಿ ಒಂದು ಕಡೆ ಇವನೇ ಇರಬೇಕು ಅಂದುಕೊಂಡೆವು, ಅಷ್ಟೇ. ಅವನ ಗೆಳೆಯನ ಕೈ ಎತ್ತಿದ ಫೋಟೊಗಳು ಹನ್ನೊಂದು ಇದ್ದವು.

ಹುಡುಕೋದು ಕಷ್ಟ ಆಗೋದಕ್ಕೆ ಒಂದು ಸರಳ ಕಾರಣ ಇದೆ. ಮ್ಯಾರಥಾನಿನಲ್ಲಿ ನಂಬರು ಎದೆ ಮೇಲೆ. ರೋಡ್ ರೇಸಿನಲ್ಲಿ ಸವಾರ ಬಾಗಿರೋದರಿಂದ ಎದೆ ಕಾಣಲ್ಲ, ನಂಬರನ್ನು ಬೆನ್ನಿನ ಕೆಳಗೆ, ಸೊಂಟದ ಹತ್ತಿರ ಪಿನ್ ಮಾಡ್ತಾರೆ. ಎದುರಿಗೆ ನಿಂತು ತೆಗೆದ ಫೋಟೊದಲ್ಲಿ ಅದು ಬರೋದೇ ಇಲ್ಲ. ಹೆಲ್ಮೆಟ್ಟು, ಕನ್ನಡಕ, ಒಂದೇ ಜೆರ್ಸಿ. ಹೆತ್ತ ತಾಯಿಗೂ ಗುರುತು ಸಿಗಲ್ಲ. ಪಕ್ಕದಿಂದ ತೆಗೆದರೆ ನಂಬರು ಕಾಣುತ್ತೆ. ಗೆರೆಯ ಎದುರು ನಿಲ್ಲೋ ಅಭ್ಯಾಸ ಅಂದರೆ ಗೆದ್ದವನೊಬ್ಬನನ್ನು ಬಿಟ್ಟು ಉಳಿದವರೆಲ್ಲರ ಹೆಸರು ಅಳಿಸೋ ಅಭ್ಯಾಸ.

ನಮ್ಮ ಪತ್ರಿಕೆಗಳ ಜಿಲ್ಲಾ ಪುಟ ನೋಡಿದರೆ ಗೆದ್ದವನ ಗತಿಯೂ ಅಷ್ಟೇ ಅನ್ನಿ. ಅಲ್ಲಿ ರೇಸಿನ ಮಹತ್ವದ ಕ್ಷಣ ಅಂದರೆ ಬಾವುಟ ತೋರಿಸಿ ಚಾಲನೆ ಕೊಟ್ಟದ್ದು. ಶಾಲು ಹೊದ್ದ ಅತಿಥಿ, ಅವರ ಎರಡೂ ಪಕ್ಕ ಹನ್ನೆರಡು ಜನ, ಎಲ್ಲರ ಹೆಸರೂ ಎಡದಿಂದ ಬಲಕ್ಕೆ, ಹಿಂದೆ ಬಾವುಟದ ಸಂದಿಯಲ್ಲಿ ಅರ್ಧ ಹೆಲ್ಮೆಟ್. ಸೈಕಲ್ ಜಾಥಾದ ಫೋಟೊಗೂ ಸೈಕಲ್ ರೇಸಿನ ಫೋಟೊಗೂ ವ್ಯತ್ಯಾಸ ಕಂಡುಹಿಡಿದವರಿಗೆ ಒಂದು ಬಹುಮಾನ ಇಡಬಹುದು.

ಹಾಗಾದರೆ ಓಟದ ಫೋಟೊ ಹೇಗಿರಬೇಕು? ಕಲಿಯೋಕೆ ಫ್ರಾನ್ಸಿಗೆ ಹೋಗಬೇಕಾಗಿಲ್ಲ, ಮೂಡುಬಿದಿರೆಗೆ ಹೋದರೆ ಸಾಕು. ಕಂಬಳದ ಫೋಟೊಗಳನ್ನು ನೆನಪು ಮಾಡಿಕೊಳ್ಳಿ. ಕೋಣಗಳ ಮೂಗಿನ ಹೊಳ್ಳೆ, ಮೇಲೆದ್ದ ಕೆಸರು ನೀರಿನ ಗೋಡೆ, ಅದರ ನಡುವೆ ನೆಲಕ್ಕೆ ಸಮಾನವಾಗಿ ಬಾಗಿದ ಓಡಿಸುವವನ ಮೈ. ಫೆಬ್ರವರಿ 2020ರಲ್ಲಿ ಶ್ರೀನಿವಾಸ ಗೌಡ ಐಕಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಸುದ್ದಿಯಾದಾಗ ಇಡೀ ಜಗತ್ತು ನೋಡಿದ ಚಿತ್ರಗಳಲ್ಲಿ ಕೈ ಎತ್ತಿದ ಚಿತ್ರ ಮುಖ್ಯ ಆಗಿರಲಿಲ್ಲ, ನೀರಿನಲ್ಲಿ ಓಡ್ತಿರೋ ಮನುಷ್ಯ ಮುಖ್ಯ ಆಗಿದ್ದ. ಬೋಲ್ಟ್ ಜೊತೆಗಿನ ಹೋಲಿಕೆ ಕಾಲಹರಣ, ಅದನ್ನು ಬಿಡಿ. ಕರಾವಳಿಯ ಫೋಟೊಗ್ರಾಫರ್‌ಗಳಿಗೆ ಓಟ ಇರೋದು ನೀರಿನಲ್ಲಿ, ಮಂಜೊಟ್ಟಿಯಲ್ಲಲ್ಲ ಅನ್ನೋದು ಚೆನ್ನಾಗಿ ಗೊತ್ತು. ಕನೆಹಲಗೆ ಅನ್ನೋ ವಿಭಾಗದಲ್ಲಂತೂ ಗೆಲುವೇ ನೀರಿನದು: ಮೇಲೆ ಕಟ್ಟಿದ ನಿಶಾನೆಗೆ, ಆರೂವರೆ ಕೋಲೋ ಏಳೂವರೆ ಕೋಲೋ ಎತ್ತರಕ್ಕೆ, ನೀರು ಚಿಮ್ಮಿ ತಾಗಬೇಕು. ಅಲ್ಲಿ ಗೆದ್ದ ಕ್ಷಣವನ್ನು ಕ್ಯಾಮೆರಾ ಸುಳ್ಳು ಹೇಳದೆ ಹಿಡಿಯಬಹುದು. ಸೈಕಲ್ಲಿಗೆ ಆ ಭಾಗ್ಯ ಇಲ್ಲ.

ಸೈಕಲ್ ರೇಸಿನ ಇತಿಹಾಸದಲ್ಲಿ ಉಳಿದ ಫೋಟೊಗಳೂ ಗೆರೆಯಿಂದ ದೂರದವೇ. 1964ರ ಜುಲೈ 12, ಪುಯಿ ದ ಡೋಮ್ ಅನ್ನೋ ಜ್ವಾಲಾಮುಖಿ ಗುಡ್ಡದ ಏರು. ಜಾಕ್ ಆಂಕೆಟಿಲ್, ರೇಮಂಡ್ ಪುಲಿಡೋರ್ ಮೊಣಕೈಗೆ ಮೊಣಕೈ ತಾಗಿಸಿಕೊಂಡು, ಒಬ್ಬರನ್ನೊಬ್ಬರು ಒರಗಿಕೊಂಡಂತೆ ಏರ್ತಿರೋ ಚಿತ್ರ. ಫ್ರಾನ್ಸಿನಲ್ಲಿ ಸೈಕಲ್ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಆ ಚಿತ್ರ ಗೊತ್ತು. ಆ ದಿನ ಹಂತ ಗೆದ್ದದ್ದು ಇವರಿಬ್ಬರೂ ಅಲ್ಲ, ಸ್ಪೇನಿನ ಹುಲಿಯೋ ಹಿಮೆನೆಸ್. ಅವನು ಆಗಲೇ ಮುಂದೆ ಹೋಗಿದ್ದ. ಸ್ವಲ್ಪ ಹೊತ್ತಿನಲ್ಲೇ ಪುಲಿಡೋರ್ 42 ಸೆಕೆಂಡ್ ಗಳಿಸಿದ, ಆದರೂ ಹಳದಿ ಜೆರ್ಸಿ 14 ಸೆಕೆಂಡಿನ ಅಂತರದಲ್ಲಿ ಆಂಕೆಟಿಲ್ ಬಳಿಯೇ ಉಳಿಯಿತು. ಹೀಗೆ ಆ ಫೋಟೊದಲ್ಲಿ ಗೆದ್ದವನೂ ಇಲ್ಲ, ಗೆರೆಯೂ ಇಲ್ಲ, ಒಂದು ಕೈಯೂ ಮೇಲೆದ್ದಿಲ್ಲ. ಇಬ್ಬರು ಮನುಷ್ಯರ ನಡುವೆ ಗಾಳಿ ಆಡೋಕೂ ಜಾಗ ಇಲ್ಲ, ಅಷ್ಟೇ ಇರೋದು. ಅರವತ್ತು ವರ್ಷದ ಮೇಲೂ ಅದನ್ನೇ ನೋಡ್ತೀವಿ.

‘ನಿರ್ಣಾಯಕ ಕ್ಷಣ’ ಅನ್ನೋ ಮಾತನ್ನು ನಮ್ಮ ಕ್ರೀಡಾ ವರದಿಗಳು ಉಪ್ಪಿನಕಾಯಿ ಥರ ಬಳಸುತ್ತವೆ. ಕಾರ್ಟಿಯರ್-ಬ್ರೆಸನ್ನನ 1952ರ ಪುಸ್ತಕದ ಇಂಗ್ಲಿಷ್ ಹೆಸರಿನಿಂದ ಹರಡಿದ ಮಾತು ಅದು. ಅವನ ಅತಿ ಪ್ರಸಿದ್ಧ ಸೈಕಲ್ ಫೋಟೊ ಯಾವುದು ಗೊತ್ತಾ? 1932ರಲ್ಲಿ ಹಿಯೇರ್ ಅನ್ನೋ ಊರಿನಲ್ಲಿ ತೆಗೆದದ್ದು: ಸುರುಳಿ ಮೆಟ್ಟಿಲ ಕೆಳಗೆ ಬೀದಿಯ ತಿರುವಿನಲ್ಲಿ ಮಸುಕಾಗಿ ಸರಿದುಹೋಗ್ತಿರೋ ಯಾರೋ ಒಬ್ಬ. ಅವನು ಯಾವ ರೇಸಿನಲ್ಲೂ ಇರಲಿಲ್ಲ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರನ್ನೇ ತಗೊಳ್ಳಿ. ಸಿಡುಬು ನಿರ್ಮೂಲನೆಯ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಚಿತ್ರಿಸಿದವರು ಅವರು. ಆ ಗೆಲುವಿಗೆ ಗೆರೆ ಎಲ್ಲಿದೆ? ಕೈ ಎತ್ತೋರು ಯಾರು? ಊರಿಂದ ಊರಿಗೆ, ಮನೆಯಿಂದ ಮನೆಗೆ ನಡೆಯೋ ಕೆಲಸವನ್ನೇ ತೆಗೀಬೇಕಿತ್ತು.

ಗೆರೆಯ ಫೋಟೊ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಗೆದ್ದ ಹುಡುಗನಿಗೆ ಅದು ಬೇಕು, ಅವನ ಅಪ್ಪ ಅಮ್ಮನಿಗೆ ಬೇಕು, ಫ್ರೇಮ್ ಹಾಕಿಸಿ ದೇವರ ಪಟದ ಪಕ್ಕ ನೇತುಹಾಕ್ತಾರೆ, ಹಾಕಲಿ. ಒಬ್ಬ ಅಲ್ಲಿ ನಿಲ್ಲಲಿ. ಹತ್ತೂ ಜನ ಅಲ್ಲೇ ಯಾಕೆ? ಅಲ್ಲಿ ನಿಲ್ಲೋ ಒತ್ತಡ ಅಪಾಯಕಾರಿಯೂ ಹೌದು. 1994ರ ಟೂರಿನಲ್ಲಿ ಆರ್ಮಾಂಟಿಯೇರ್ ಊರಿನ ಸ್ಪ್ರಿಂಟಿನ ಹೊತ್ತಿಗೆ, ಜನರನ್ನು ಕಾಯೋಕೆ ನಿಂತಿದ್ದ ಪೊಲೀಸನೇ ಫೋಟೊ ತೆಗೆಯೋಕೆ ಒಂದು ಹೆಜ್ಜೆ ಮುಂದೆ ಬಂದ. ವಿಲ್‌ಫ್ರೀಡ್ ನೆಲಿಸನ್ ನೇರವಾಗಿ ಅವನಿಗೆ ಗುದ್ದಿದ, ಲೊರಾಂ ಜಲಬೇರ್‌ನ ಮುಖ ರಕ್ತಮಯ ಆಯಿತು. ಈಗ ಪ್ರತಿಯೊಬ್ಬನ ಕೈಯಲ್ಲೂ ಫೋನ್ ಇದೆ, ನಮ್ಮ ರೇಸುಗಳಲ್ಲಿ ಬ್ಯಾರಿಕೇಡ್ ಇರೋದೂ ಅಪರೂಪ.

ನಾನು ಎಲ್ಲಿ ನಿಲ್ತೀನಿ ಅಂತ ಕೇಳಿದರೆ, ಹೇಳ್ತೀನಿ. ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದ ಕಡೆ. ನಮ್ಮ ಜಿಲ್ಲೆಯಲ್ಲಿ ಸೈಕಲ್ ಫೋಟೊ ಅಂದರೆ ಎಲ್ಲರ ಕಣ್ಣೂ ಬೆಟ್ಟದ ಮೇಲೆ. ಒಂದೋ ಚಾಮುಂಡಿ ಬೆಟ್ಟ, ಇಲ್ಲಾ 2008ರಲ್ಲಿ ಶುರುವಾದ ಟೂರ್ ಆಫ್ ನೀಲ್‌ಗಿರೀಸ್‌ನವರು ಮೈಸೂರು ದಾಟಿ ಹೋಗಿ ಏರೋ ಕಲ್ಹಟ್ಟಿ ಘಾಟಿ, 36 ತಿರುವು. ಏರಿನಲ್ಲಿ ಮುಖದ ಮೇಲೆ ನೋವು ಸುಲಭವಾಗಿ ಸಿಗುತ್ತೆ, ಫೋಟೊ ತಾನಾಗಿ ಬರುತ್ತೆ. ಹೊಸ ಅಗ್ರಹಾರದ ಸುತ್ತ ಅಂಥದ್ದೇನಿಲ್ಲ. ನಾಲೆ, ಭತ್ತದ ಗದ್ದೆ, ಅಲ್ಲೊಂದು ಇಲ್ಲೊಂದು ತೆಂಗು. ಸುಗ್ಗಿಯಲ್ಲಾದರೆ ರಸ್ತೆ ಮೇಲೇ ಹುರುಳಿ, ರಾಗಿ ಹರಡಿರ್ತಾರೆ, ಕಾರು ಹತ್ತಲಿ ಅಂತ. ಸಣ್ಣ ಟೈರಿನವರು ಅದರ ಮೇಲೆ ಹೋದರೆ ಜಾರಿ ಬೀಳೋದು ಗ್ಯಾರಂಟಿ, ಬೈಗುಳ ಬೇರೆ.

ಆದರೆ ಅಲ್ಲಿ ಗಾಳಿ ಇದೆ. ಆಷಾಢದಲ್ಲಿ ಗದ್ದೆ ಬಯಲ ಮೇಲೆ ತಡೆಯೇ ಇಲ್ಲದೆ ಬೀಸುತ್ತೆ. ಇಂಥ ಸಮತಟ್ಟು ರಸ್ತೆಯಲ್ಲಿ ಅಡ್ಡಗಾಳಿ ಬೀಸಿದಾಗ ಗುಂಪು ಸಾಲಾಗಿ ನಿಲ್ಲಲ್ಲ, ರಸ್ತೆಯ ಅಗಲಕ್ಕೆ ಓರೆಯಾಗಿ ಬೀಸಣಿಗೆ ಥರ ಹರಡಿಕೊಳ್ಳುತ್ತೆ. ಪ್ರತಿಯೊಬ್ಬನೂ ಮುಂದಿನವನ ಓರೆ ಮರೆಯಲ್ಲಿ. ರಸ್ತೆ ಅಗಲ ಮುಗಿದ ಮೇಲೆ ಬಂದವನಿಗೆ ಮರೆ ಇಲ್ಲ. ಅವನು ಅಂಚಿನಲ್ಲಿ ಒಬ್ಬನೇ ಗಾಳಿಗೆ ಬಿದ್ದು, ಮೂರು ನಿಮಿಷದಲ್ಲಿ ಹಿಂದೆ ಉಳೀತಾನೆ. ರೇಸು ಸೋಲೋದು ಗೆಲ್ಲೋದು ಹೀಗೆ, ಗೆರೆಗೆ ಐವತ್ತು ಕಿಲೋಮೀಟರ್ ಇರುವಾಗ, ಕರೆದರೆ ಓಗೊಡೋಕೂ ಒಬ್ಬ ಪ್ರೇಕ್ಷಕ ಇಲ್ಲದ ಕಡೆ.

ಅಲ್ಲಿ ಒಂದು ರೇಸ್ ಬಂದರೆ ನಾಲೆ ಏರಿಯ ಈಚೆ, ರಸ್ತೆಗೆ ಪಕ್ಕವಾಗಿ ನಿಲ್ತೀನಿ. ಉದ್ದ ಲೆನ್ಸ್ ಬೇಡ. ಅದು ಮುಂದಿನವನನ್ನೂ ಹಿಂದಿನವನನ್ನೂ ಒಂದೇ ತಟ್ಟೆಯಲ್ಲಿಟ್ಟು ಅವರ ನಡುವಿನ ದೂರವನ್ನು ನುಂಗಿಬಿಡುತ್ತೆ, ಇಲ್ಲಿ ದೂರವೇ ಕಥೆ. ಶಟರ್ 1/60ಕ್ಕೆ ಇಳಿಸಿ, ಸೈಕಲ್ ಜೊತೆಗೇ ಕ್ಯಾಮೆರಾ ತಿರುಗಿಸಬೇಕು. ಗದ್ದೆ ಹಸಿರು ಪಟ್ಟಿಯಾಗಿ ಹರಿಯುತ್ತೆ, ಸೊಂಟದ ಮೇಲಿನ ನಂಬರು ಓದೋಕೆ ಸಿಗುತ್ತೆ. ಹತ್ತರಲ್ಲಿ ಎಂಟು ಕೆಡುತ್ತವೆ, ಕೆಡಲಿ.

ಕಾಯೋದು ಒಂದು ಸನ್ನೆಗೆ. ಗಾಳಿಯ ಮುಂದೆ ತನ್ನ ಸರದಿ ಮುಗಿಸಿದವನು ಹಿಂದಿನವನನ್ನು ಮುಂದಕ್ಕೆ ಕರೆಯೋಕೆ ಬಾಯಿ ತೆರೆಯಲ್ಲ, ಉಸಿರು ದಂಡ. ಹ್ಯಾಂಡಲ್ ಹಿಡಿದಿರೋ ಕೈಯ ಮೊಣಕೈಯನ್ನು ಒಂದು ಸಲ ಹೊರಕ್ಕೆ ಅಲ್ಲಾಡಿಸ್ತಾನೆ, ಬಾರೋ ಅನ್ನೋ ಹಾಗೆ. ಹಿಂದಿನವನು ಬಂದು ಗಾಳಿ ತಗೊಳ್ತಾನೆ. ಅರ್ಧ ಸೆಕೆಂಡಿನ ಕೆಲಸ. ಕ್ಯಾಪ್ಶನ್‌ನಲ್ಲಿ ಇಬ್ಬರದೂ ಹೆಸರು ಹಾಕಬೇಕು, ಎಡದಿಂದ ಬಲಕ್ಕೆ.